ನಾನು ಮುಚ್ಚಿಸಿದ ಭಾನುವಾರ

ಊರಿನ ಭಾನುವಾರ ಕೆಟ್ಟುಹೋಗಿದೆ, ಅದನ್ನು ರಿಪೇರಿ ಮಾಡಬೇಕು ಎಂದು ನನಗೆ ಹೊಳೆದಾಗ ಅದೇನೂ ದೊಡ್ಡ ಕೆಲಸ ಅನ್ನಿಸಲಿಲ್ಲ. ಸ್ಟವ್ ಕೆಟ್ಟರೆ ಬರ್ನರ್ ಬಿಚ್ಚಿ, ಸೋಪಿನ ನೀರಲ್ಲಿ ಹಾಕಿ ಉಜ್ಜಿದರೆ ಸರಿಹೋಗುತ್ತದೆ. ಭಾನುವಾರ ಏನು, ಸ್ಟವ್‌ಗಿಂತ ಕಷ್ಟವೇ?

ಹೊಸನಗರದ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮನೆ ಇರುವುದು ಅಂಗಡಿಯ ಹಿಂದಿನ ಓಣಿಯಲ್ಲಿ. ಯಜಮಾನರು ಇದ್ದಾಗ ಅಂಗಡಿ ಅವರದು, ಅವರು ಹೋದ ಮೇಲೆ ನನ್ನದು, ಈಗ ಸೊಸೆ ಸುಮತಿಯದು. ನಾನು ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಬುದ್ಧಿ ಹೇಳುವ ಕೆಲಸ ಮಾಡುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ಒಳ್ಳೆಯ ನೌಕರಿ ಎಲ್ಲಿ ಸಿಗುತ್ತದೆ?

ಮೊದಲೆಲ್ಲ ಭಾನುವಾರ ಅಂದರೆ ಇಡೀ ಪೇಟೆ ಬಾಗಿಲು ಹಾಕುತ್ತಿತ್ತು. ಆಗ ಶಟರ್ ಇರಲಿಲ್ಲ, ಹಲಗೆ ಬಾಗಿಲು. ಮೇಲೆ ಕೆಳಗೆ ಕೊರೆದ ಜಾಡಿನಲ್ಲಿ ಒಂದೊಂದೇ ಹಲಗೆ ನಿಲ್ಲಿಸಿ ಸರಿಸುತ್ತ ಹೋದರೆ ಅಂಗಡಿ ಮುಚ್ಚಿದಂತೆ. ಆಮೇಲೆ ಪೇಟೆಯಲ್ಲಿ ಒಂದು ಸದ್ದಿಲ್ಲ. ನಾಯಿ ನಡುರಸ್ತೆಯಲ್ಲಿ ಮಲಗುತ್ತಿತ್ತು, ಮಾಸ್ತಿಕಟ್ಟೆ ಬಸ್ಸಿನ ಡ್ರೈವರ್ ಹಾರ್ನ್ ಕೂಡ ಹಾಕದೆ ಅದನ್ನು ಸುತ್ತಿಕೊಂಡು ಹೋಗುತ್ತಿದ್ದ. ನಾನು ತಲೆಗೆ ಎಣ್ಣೆ ಹಚ್ಚಿ, ಮಿಂದು, ಉಂಡು, ಮಧ್ಯಾಹ್ನ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ. ಯಾರೂ ಎಬ್ಬಿಸುತ್ತಿರಲಿಲ್ಲ. ಇದರಲ್ಲಿ ಕಣ್ಣೀರು ಹಾಕುವಂಥದ್ದು ಏನಿಲ್ಲ. ನನಗೆ ಬೇಕಾಗಿದ್ದು ಆ ನಿದ್ದೆ, ಅಷ್ಟೇ.

ಈಗಿನ ಭಾನುವಾರ ನೋಡಬೇಕು. ಬೆಳಗಾಗುವುದರೊಳಗೆ ಕೊಡಚಾದ್ರಿಗೆ ಹೋಗುವ ಕಾರುಗಳು ಅಂಗಡಿ ಮುಂದೆ ಸಾಲಾಗಿ ನಿಲ್ಲುತ್ತವೆ. ಚಡ್ಡಿ ಹಾಕಿಕೊಂಡ ಹುಡುಗರು ಇಳಿದು, ಸಕ್ಕರೆ ಇಲ್ಲದ ಬಿಸ್ಕತ್ತು ಇದೆಯಾ ಎಂದು ಕೇಳುತ್ತಾರೆ. ಸಕ್ಕರೆ ಇಲ್ಲದಿದ್ದರೆ ಅದು ಬಿಸ್ಕತ್ತು ಹೇಗೆ ಆಗುತ್ತದೆ, ಹೋಗಿ ರೊಟ್ಟಿ ತಿನ್ನಿ ಎಂದು ನಾನು ಹೇಳಿದರೆ ಸುಮತಿಗೆ ಸಿಟ್ಟು. ಮೊಬೈಲ್ ಅಂಗಡಿಯವನ ಸ್ಪೀಕರು ಒಂದು ಕಡೆ, ಕೋಳಿ ಅಂಗಡಿಯವನದು ಇನ್ನೊಂದು ಕಡೆ. ನಡುವೆ ನಮ್ಮ ಅಂಗಡಿಯ ಮಾತಾಡುವ ಡಬ್ಬಿ. ಜನ ಗೋಡೆಗೆ ಅಂಟಿಸಿದ ಚೌಕಕ್ಕೆ ಮೊಬೈಲ್ ಹಿಡಿದು ದುಡ್ಡು ಹಾಕಿದರೆ, ಡಬ್ಬಿಯೊಳಗಿನ ಹೆಂಗಸು ಇಷ್ಟು ಬಂತು ಎಂದು ಕೂಗಿ ಹೇಳುತ್ತಾಳೆ. ನನಗೆ ಕಿವಿ ಸ್ವಲ್ಪ ಮಂದ ಎಂದು ಸುಮತಿ ಅದರ ಸದ್ದನ್ನು ಪೂರ್ತಿ ಏರಿಸಿ ಇಟ್ಟಿದ್ದಾಳೆ.

ಒಂದು ದಿನ ತಡೆಯದೆ ಎದುರಿನ ಶೆಣೈರ ಹತ್ತಿರ ಹೋದೆ. ಅವರದು ಹಾರ್ಡ್‌ವೇರ್ ಅಂಗಡಿ, ಮೇಲೇ ಮನೆ. ನನಗಿಂತ ಎರಡು ವರ್ಷ ಚಿಕ್ಕವರು, ಆದರೆ ಒಪ್ಪುವುದಿಲ್ಲ. ಭಾನುವಾರ ಎಲ್ಲರೂ ಮುಚ್ಚೋಣ ಎಂದೆ.

"ಚಂದ್ರಕ್ಕ, ಅಂಗಡಿ ಮುಚ್ಚಿದ್ರೆ ನಾನು ಮನೇಲಿರ್ಬೇಕಾಗ್ತದೆ" ಎಂದರು. "ಅದು ನಂಗೂ ಒಳ್ಳೇದಲ್ಲ, ನಮ್ಮನೆಯೋಳಿಗೂ ಒಳ್ಳೇದಲ್ಲ."

ಅವರ ಹೆಂಡತಿ ಮಹಡಿಯ ಕಿಟಕಿಯಿಂದಲೇ, ಅದು ಮಾತ್ರ ಸತ್ಯ ಎಂದರು.

ನಾನು ಬಿಡಲಿಲ್ಲ. ಒಂದು ವಾರ ಬೀದಿಯ ಒಂದೊಂದೇ ಅಂಗಡಿ ಹತ್ತಿ ಇಳಿದೆ. ಬೀದಿಯ ಕೊನೆಯಲ್ಲಿ ಮಂಜಾಚಾರಿಯ ಮರಗೆಲಸದ ಶೆಡ್. ಅವನ ಮಷೀನಿನ ಸದ್ದು ಇಡೀ ಪೇಟೆಯ ಹಲ್ಲು ಜುಮ್ಮೆನ್ನಿಸುತ್ತದೆ. ಮಷೀನು ಮಾತ್ರ ಅಲ್ಲ, ಉಳಿ ಸುತ್ತಿಗೆಯನ್ನೂ ಭಾನುವಾರ ಮುಟ್ಟಕೂಡದು ಎಂದು ಕಡ್ಡಾಯ ಮಾಡಿದೆ.

"ಯಾರಿಗಾದ್ರೂ ತುರ್ತಿದ್ರೆ?" ಎಂದ.

"ಯಾರು ಬಂದು ಕಾಲಿಗೆ ಬಿದ್ರೂ ಮುಟ್ಬೇಡ" ಎಂದೆ.

ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಅವನಂತೂ ಇಟ್ಟುಕೊಂಡ.

ಕೊನೆಗೆ ಶನಿವಾರ ಸಂಜೆ ಎಲ್ಲರೂ ನಮ್ಮ ಅಂಗಡಿಯಲ್ಲಿ ಸೇರಿದರು. ಒಪ್ಪಂದ ಸರಳವಾಗಿತ್ತು. ನಾಳೆ ಒಂದು ಭಾನುವಾರ ಯಾರೂ ಒಂದು ಕಡ್ಡಿಪೆಟ್ಟಿಗೆಯನ್ನೂ ಮಾರದೆ ಕಳೆದರೆ, ಇನ್ನು ಮುಂದೆ ಎಲ್ಲ ಭಾನುವಾರವೂ ರಜೆ. ಯಾರಾದರೂ ಒಬ್ಬರು ಮಾರಿದರೂ ಮಾತು ಮುಗಿಯಿತು, ಚಂದ್ರಕ್ಕ ಮತ್ತೆ ಈ ಸುದ್ದಿ ಎತ್ತಬಾರದು. ನಮ್ಮ ಪೇಟೆಯಲ್ಲಿ ವ್ಯಾಪಾರಸ್ಥರು ಮಾತು ಕೊಡುವುದು ತಕ್ಕಡಿ ಮುಟ್ಟಿ. ತಕ್ಕಡಿ ಮುಟ್ಟಿ ತಪ್ಪಿದವನ ಅಂಗಡಿಗೆ ಇಲಿಯೂ ಬರುವುದಿಲ್ಲ ಎಂದು ಯಜಮಾನರು ಹೇಳುತ್ತಿದ್ದರು. ಆದರೆ ಈಗ ಇರುವುದು ಕರೆಂಟಿನ ತಕ್ಕಡಿ. ಮುಟ್ಟಿದರೆ ಕೆಂಪು ಅಂಕಿ ಬರುತ್ತದೆ. ಶೆಣೈರು ಬೆರಳ ತುದಿ ತಾಗಿಸಿದರು. ಅವರ ಮಾತು ನಲವತ್ತು ಗ್ರಾಂ ಬಂತು. ಮಂಜಾಚಾರಿಯದು ಅರ್ಧ ಕೆಜಿ. ನಾನು ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿದೆ. ಮೂರು ಕೆಜಿ ದಾಟಿತು! ನೋಡಿ, ಮಾತಿನ ತೂಕ ಅಂದರೆ ಇದು ಎಂದು ಎಲ್ಲರಿಗೂ ತೋರಿಸಿದೆ.

ಭಾನುವಾರ ಬೆಳಿಗ್ಗೆ ಮಗನೂ ಸುಮತಿಯೂ ತೀರ್ಥಹಳ್ಳಿಗೆ ಹೊರಟರು. ಅಲ್ಲಿ ಅವಳ ತವರು. ಮದುವೆಯಾದ ಮೇಲೆ ಭಾನುವಾರ ತವರಿಗೆ ಹೋಗುವುದು ಇದೇ ಮೊದಲು ಎಂದು ನನಗೆ ಕೇಳುವ ಹಾಗೆ ಗಂಡನಿಗೆ ಹೇಳಿದಳು. ಬಸ್ ಹತ್ತುವ ಮುಂಚೆ ತಿರುಗಿ ನಿಂತಳು.

"ಅತ್ತೆ, ಶಟರ್ ಎಳ್ದಿದೀನಿ. ನೀವು ಅಂಗಡಿ ಕಡೆ ಹೋಗೋದೇ ಬೇಡ. ಉಂಡು ಮಲಗಿ."

ಮಲಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ನನಗೆ ಶಟರ್ ಸರಿಬರಲಿಲ್ಲ. ಶಟರ್ ಎಳೆದ ಅಂಗಡಿ ಮುಚ್ಚಿದ ಹಾಗೆ ಕಾಣುವುದಿಲ್ಲ, ಮಾಲೀಕ ಊಟಕ್ಕೆ ಹೋದ ಹಾಗೆ ಕಾಣುತ್ತದೆ. ಜನ ಬಂದು ಬಡಿಯುತ್ತಾರೆ. ನಿಜವಾದ ಭಾನುವಾರ ಬೇಕಾದರೆ ಹಲಗೆಯೇ ಆಗಬೇಕು. ಹಳೆಯ ಹಲಗೆಗಳು ಅಂಗಡಿಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದವು. ಜಾಡೂ ಹಾಗೇ ಇತ್ತು. ಮೊಬೈಲನ್ನು ಬೇಕೆಂದೇ ಅಡುಗೆಮನೆಯಲ್ಲಿ ಬಿಟ್ಟೆ. ಹಳೆಯ ಭಾನುವಾರದಲ್ಲಿ ಎಲ್ಲಿತ್ತು ಮೊಬೈಲು? ಎರಡು ಲೋಟ ಕಾಫಿ ಕುಡಿದು, ಬೀಗದ ಕೈ ತೆಗೆದುಕೊಂಡು ಹೊರಟೆ.

ಶಟರ್ ಮೇಲಕ್ಕೆ ತಳ್ಳಿದೆ. ಹೊರಗೆ ಜಿಟಿಜಿಟಿ ಮಳೆ. ನೆನೆಯುವುದೇಕೆ ಎಂದು ಒಳಗೆ ನಿಂತೇ ಹಲಗೆ ಜೋಡಿಸಲು ಶುರುಮಾಡಿದೆ. ಯಜಮಾನರು ಒಂದರಿಂದ ಒಂಬತ್ತರವರೆಗೆ ಟಾರಿನಲ್ಲಿ ನಂಬರ್ ಬರೆದಿದ್ದರು. ನಂಬರ್ ನನಗೆ ಚೆನ್ನಾಗಿ ಬರುತ್ತದೆ. ಆದರೆ ಅವರು ಬರೆದದ್ದು ಹೊರಗೆ ನಿಂತು ಜೋಡಿಸುವವರಿಗೆ. ಒಳಗೆ ನಿಂತವಳಿಗೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನಾನು ಒಂಬತ್ತನೆಯದನ್ನು ಮೊದಲು ಹಾಕಿದೆ, ಒಂದನೆಯದನ್ನು ಕೊನೆಗೆ ಉಳಿಸಿಕೊಂಡೆ.

ಒಂಬತ್ತನೆಯ ಹಲಗೆಯ ಗುಟ್ಟು ಏನೆಂದರೆ ಅದೊಂದೇ ಒಂದು ಬೆರಳು ಗಿಡ್ಡ. ಕೊನೆಗೆ ಹಾಕಬೇಕಾದದ್ದು ಅದು, ಮೊದಲು ಎತ್ತಿ ತೆಗೆಯಬೇಕಾದದ್ದೂ ಅದು. ಅದು ಈಗ ಆ ಮೂಲೆಯಲ್ಲಿ ಹೋಗಿ ಸಿಕ್ಕಿಕೊಂಡಿತ್ತು. ಒಂದನೆಯದೋ, ವರ್ಷಗಟ್ಟಲೆ ಹಿಂದಿನ ಗೋಡೆಯ ನೀರು ಕುಡಿದು ಉಬ್ಬಿತ್ತು. ಜಾಡಿಗೆ ಇಳಿಯಲಿಲ್ಲ. ಹಳೆಯ ತಕ್ಕಡಿಯ ಐದು ಕೆಜಿ ಬಟ್ಟು ತಂದು ಬಡಿದೆ. ಇಳಿಯಲಿಲ್ಲ. ಸಿಟ್ಟು ಬಂತು. ಶೆಣೈರನ್ನು ನೆನೆಸಿಕೊಂಡು ಬಡಿದೆ. ಇಳಿಯಿತು! ಸೀಸೆಗೆ ಬಿರಡೆ ಹಾಕಿದ ಹಾಗೆ ಕೂತಿತು.

ಹಿಂದೆ ಸರಿದು ನಿಂತು, ಸೊಂಟಕ್ಕೆ ಕೈಕೊಟ್ಟು ನೋಡಿದೆ. ಎಂಥ ಚೆಂದ. ಯಜಮಾನರ ಕಾಲದ್ದೇ ಬಾಗಿಲು.

ಆಮೇಲೆ ಗೊತ್ತಾಯಿತು. ನಾನು ಒಳಗಿದ್ದೆ.

ಎಳೆದೆ, ತಳ್ಳಿದೆ, ಒದ್ದೆ. ಹಲಗೆ ಜಪ್ಪಯ್ಯ ಅನ್ನಲಿಲ್ಲ. ಹಿಂಬಾಗಿಲಿಗೆ ಅಡ್ಡವಾಗಿ ಸುಮತಿ ಐಸ್‌ಕ್ರೀಮಿನ ದೊಡ್ಡ ಫ್ರಿಜ್ಜು ಇಟ್ಟಿದ್ದಳು. ಅದನ್ನು ಸರಿಸಲು ನಾಲ್ಕು ಗಂಡಸರು ಬೇಕು. ಮೊದಲಿಗೆ ನಾನು ಹೆದರಲಿಲ್ಲ. ಯಾರಾದರೂ ಬಂದೇ ಬರುತ್ತಾರೆ, ಪೇಟೆಯಲ್ಲವೇ ಎಂದುಕೊಂಡೆ.

ಯಾರೂ ಬರಲಿಲ್ಲ. ಯಾಕೆ ಬರುತ್ತಾರೆ? ಅಂಗಡಿಗಳೆಲ್ಲ ಮುಚ್ಚಿದ್ದವು. ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದಿ ಇತ್ತು. ಅದಕ್ಕೆ ಕಣ್ಣಿಟ್ಟು ನೋಡಿದೆ. ಇಡೀ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮಳೆ ನಿಂತಿತ್ತು. ಕೋಳಿ ಅಂಗಡಿಯ ಕಪ್ಪು ನಾಯಿ ಬಂದು ನಡುರಸ್ತೆಯಲ್ಲಿ ಮಲಗಿತು. ಕಾರುಗಳು ನಿಧಾನ ಮಾಡಿ, ಎಲ್ಲ ಮುಚ್ಚಿದೆ ಎಂದು ನೋಡಿ, ಅದನ್ನು ಸುತ್ತಿಕೊಂಡು ಮುಂದೆ ಹೋದವು. ನಾನು ಒಂದು ವಾರ ಕಾಲು ಸವೆಸಿ ತಂದ ಭಾನುವಾರ ಅದು. ಎಳ್ಳಷ್ಟೂ ಕೊರತೆ ಇರಲಿಲ್ಲ.

ಕೂಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೂಗಿದರೆ ಮೊದಲು ಕೇಳಿಸುವುದು ಎದುರಿನ ಮಹಡಿಯ ಶೆಣೈರಿಗೆ. ಒಪ್ಪಂದ ಮಾಡಿಸಿದ ಹೆಂಗಸು ಭಾನುವಾರ ಬೆಳಿಗ್ಗೆ ಅಂಗಡಿಯ ಒಳಗೆ ಏನು ಮಾಡುತ್ತಿದ್ದಳು ಎಂದು ಕೇಳಿದರೆ ನಾನು ಏನು ಹೇಳಲಿ? ಹಲಗೆಯ ಸಂದಿಯಿಂದ ವ್ಯಾಪಾರ ಮಾಡುತ್ತಿದ್ದಳು ಎಂದು ಊರೆಲ್ಲ ಸಾರಿಬಿಡುತ್ತಾರೆ. ಅಲ್ಲಿಗೆ ನನ್ನ ಭಾನುವಾರಗಳೆಲ್ಲ ಹೋದಂತೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಅಕ್ಕಿ ಮೂಟೆಗಳ ಮೇಲೆ ಮಲಗಿದೆ. ನಿದ್ದೆಯೂ ಬಂತು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ನಿದ್ದೆ.

ಎಬ್ಬಿಸಿದ್ದು ಆ ಎರಡು ಲೋಟ ಕಾಫಿ.

ವಯಸ್ಸಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ವಯಸ್ಸಾಗದವರಿಗೆ ಹೇಳಿದರೂ ತಿಳಿಯುವುದಿಲ್ಲ. ಅಂಗಡಿಯಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು, ನೂರು ಬಗೆಯ ಸಾಮಾನು ಇತ್ತು. ಅದಕ್ಕೆ ಬೇಕಾದ ಜಾಗ ಒಂದು ಇರಲಿಲ್ಲ. ಯಜಮಾನರ ಫೋಟೋ ಬೇರೆ ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ನಾನು ಮೂಟೆಯಿಂದ ಮೂಟೆಗೆ ಓಡಾಡಿದೆ, ನಿಂತೆ, ಕೂತೆ, ಮತ್ತೆ ಎದ್ದೆ. ಮಳೆ ಪುನಃ ಶುರುವಾಯಿತು. ಸೂರಿನ ನೀರು ಸುರಿಯುವ ಸದ್ದು ಅಂಥ ಹೊತ್ತಿನಲ್ಲಿ ಎಂಥ ಹಿಂಸೆ ಎಂದು ಅನುಭವಿಸಿದವರಿಗೇ ಗೊತ್ತು.

ಆ ಮಳೆ ಬಿಟ್ಟಾಗ ಮಂಜಾಚಾರಿ ಕೈ ಬೀಸಿಕೊಂಡು ಬರುತ್ತಿರುವುದು ಸಂದಿಯಲ್ಲಿ ಕಾಣಿಸಿತು. ದೇವರೇ ಬಡಗಿಯ ರೂಪದಲ್ಲಿ ಬಂದ ಎಂದುಕೊಂಡೆ.

"ಮಂಜಾ, ಇಲ್ಲಿ ಬಾ. ಮೆಲ್ಲಗೆ" ಎಂದೆ.

ಅವನು ಸುತ್ತ ನೋಡಿದ, ಆಕಾಶ ನೋಡಿದ, ಕೊನೆಗೆ ಸಂದಿ ನೋಡಿದ. "ಅಮ್ಮ, ನೀವು ಒಳಗೆ ಎಂತ ಮಾಡ್ತಿದೀರಿ?"

ನಡೆದದ್ದು ಹೇಳಿದೆ. ಅವನು ಹಲಗೆ ತಟ್ಟಿ ನೋಡಿ, ಒಂಬತ್ತನೆಯದನ್ನು ಮೊದಲು ಹಾಕಿದ್ದೀರಿ, ಇದು ಉಳಿ ಹಾಕಿ ಎಬ್ಬಿಸದೆ ಬರುವುದಿಲ್ಲ ಎಂದ. ಹಾಗಾದರೆ ಓಡಿಹೋಗಿ ಉಳಿ ತಾ ಎಂದೆ. ಅವನು ಅಲ್ಲೇ ನಿಂತ.

"ಉಳಿ ಮುಟ್ಬಾರ್ದು ಅಂದೋರು ನೀವೇ ಅಲ್ವಾ ಅಮ್ಮ. ತಕ್ಕಡಿ ಮುಟ್ಟಿದೀನಿ."

"ಇದು ಕೆಲಸ ಅಲ್ಲ ಮಾರಾಯ. ಸಹಾಯ."

"ಯಾರು ಬಂದು ಕಾಲಿಗೆ ಬಿದ್ರೂ ಮುಟ್ಬೇಡ ಅಂದಿದ್ರಿ."

"ಕಾಲಿಗೆ ಬೀಳೋಕೆ ಆಗೋದಿಲ್ಲ. ನಡುವೆ ಹಲಗೆ ಇದೆ. ಹೋಗು, ತಾ."

ಅವನು ತಲೆ ಕೆರೆದುಕೊಂಡು ಯೋಚನೆ ಮಾಡಿದ. ನನಗೆ ಯೋಚನೆಗೆಲ್ಲ ಸಮಯ ಇರಲಿಲ್ಲ. ಆಮೇಲೆ ಅವನು ಮೆಲ್ಲಗೆ ವಿಷಯಕ್ಕೆ ಬಂದ. ಬೆಳಿಗ್ಗೆಯಿಂದ ಬಾಯಿಗೆ ಹೊಗೆಸೊಪ್ಪಿಲ್ಲವಂತೆ. ತಲೆಯೇ ಓಡುತ್ತಿಲ್ಲವಂತೆ. ಉಳಿ ಹಿಡಿಯುವುದು ವ್ಯಾಪಾರ ಅಲ್ಲ, ಸಹಾಯ ಅನ್ನುವುದಾದರೆ, ಒಂದು ಪ್ಯಾಕೆಟ್ ಹೊಗೆಸೊಪ್ಪು ಸಂದಿಯಿಂದ ಕೊಡುವುದೂ ಸಹಾಯವೇ ಅಲ್ಲವೇ?

ನ್ಯಾಯವಾದ ಮಾತು. ದುಡ್ಡು ಮುಟ್ಟದಿದ್ದರೆ ಮಾರಿದಂತಲ್ಲ, ಕೊಟ್ಟಂತೆ. ಕೊಡುವುದು ಪುಣ್ಯದ ಕೆಲಸ, ಅದಕ್ಕೆ ಭಾನುವಾರ ಸೋಮವಾರ ಇಲ್ಲ. ಹೀಗೆ ಕಾಯಿದೆಯನ್ನೆಲ್ಲ ಕೂಲಂಕಷವಾಗಿ ವಿಚಾರಿಸಿ, ಒಂದು ಪ್ಯಾಕೆಟ್ ಸಂದಿಯಿಂದ ಹೊರಗೆ ತಳ್ಳಿದೆ. ದುಡ್ಡು ಬೇಡ, ಬೇಗ ಓಡು ಎಂದೆ.

ನಾನು ಮರೆತದ್ದು ಒಂದೇ. ಮಂಜಾಚಾರಿ ಹುಟ್ಟಿದಾಗಿನಿಂದ ಯಾರ ಹತ್ತಿರವೂ ಬಿಟ್ಟಿ ತೆಗೆದುಕೊಂಡವನಲ್ಲ. ಅವನು ಹೊರಗೆ ಏನು ಮಾಡುತ್ತಿದ್ದಾನೆ ಎಂದು ನನಗೆ ಕಾಣಿಸಲಿಲ್ಲ. ಗೋಡೆಯ ಚೌಕಕ್ಕೆ ಮೊಬೈಲ್ ಹಿಡಿದಿದ್ದ.

ನನ್ನ ತಲೆಯ ಹಿಂದೆ, ಕಪಾಟಿನ ಮೇಲಿನಿಂದ, ಡಬ್ಬಿಯ ಹೆಂಗಸು ಗಂಟಲು ಬಿಚ್ಚಿದಳು. "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ!"

ಬೇರೆ ಭಾನುವಾರವಾಗಿದ್ದರೆ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಮೊಬೈಲ್ ಅಂಗಡಿಯ ಹಾಡು, ಕೋಳಿ ಅಂಗಡಿಯ ಕೂಗು, ಮಂಜಾಚಾರಿಯ ಮಷೀನು, ಇವುಗಳ ನಡುವೆ ಅವಳ ಮಾತು ಮುಚ್ಚಿಹೋಗುತ್ತಿತ್ತು. ಈವತ್ತು ಬೀದಿಯಲ್ಲಿ ಸೊಳ್ಳೆ ಹಾರಿದರೂ ಕೇಳುತ್ತಿತ್ತು. ಹಾಗೆ ಮಾಡಿದವಳು ನಾನೇ. ನಾಯಿ ತಲೆ ಎತ್ತಿತು. ಎದುರಿನ ಮಹಡಿಯ ಕಿಟಕಿ ತೆರೆಯಿತು. ಆಮೇಲೆ ಅದರ ಪಕ್ಕದ್ದು, ಅದರಾಚೆಯದು. ಬೆಳಿಗ್ಗೆಯಿಂದ ಮನೆಯಲ್ಲಿ ಕೂತು, ಹೆಂಡತಿಯ ಮುಖ ಗಂಡ, ಗಂಡನ ಮುಖ ಹೆಂಡತಿ ನೋಡಿ ಸಾಕಾಗಿದ್ದ ಜನವೆಲ್ಲ ಬೀದಿಗೆ ಇಳಿಯಿತು.

ಶೆಣೈರು ಲುಂಗಿ ಎತ್ತಿ ಕಟ್ಟುತ್ತ ಬಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ಅವರ ಮಗಳ ಮದುವೆಯಲ್ಲೂ ನಾನು ನೋಡಿರಲಿಲ್ಲ.

"ಚಂದ್ರಕ್ಕ, ವ್ಯಾಪಾರ ಹೇಗಿದೆ?" ಎಂದು ಸಂದಿಗೆ ಬಾಯಿಟ್ಟು ಕೇಳಿದರು.

ವ್ಯಾಪಾರ ಅಲ್ಲ, ದಾನ ಎಂದೆ. ದಾನಕ್ಕೆ ರಸೀದಿ ಕೂಗುತ್ತದೆಯೇ ಎಂದರು. ಜನ ನಕ್ಕರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬಳಿಗೆ ಮನೆಯಲ್ಲಿ ಸಕ್ಕರೆ ಮುಗಿದದ್ದು ನೆನಪಾಯಿತು. ಕೊಡುವುದಿಲ್ಲ ಎಂದು ನಾನು ಬಾಯಿ ಬಿಡುವುದರೊಳಗೆ ಡಬ್ಬಿ ಇನ್ನೊಮ್ಮೆ ಕೂಗಿತು. ಅವಳು ದುಡ್ಡು ಹಾಕಿಯಾಗಿತ್ತು! ದುಡ್ಡು ತೆಗೆದುಕೊಂಡು ಸಾಮಾನು ಕೊಡದಿದ್ದರೆ ಅದು ಒಪ್ಪಂದ ಮುರಿಯುವುದಕ್ಕಿಂತ ದೊಡ್ಡ ತಪ್ಪು, ಕಳ್ಳತನ. ಆದರೆ ಬೆರಳಗಲದ ಸಂದಿಯಲ್ಲಿ ಸಕ್ಕರೆ ಪೊಟ್ಟಣ ಹೋಗುತ್ತದೆಯೇ? ಪೇಪರನ್ನು ಆಲಿಕೆಯ ಹಾಗೆ ಸುತ್ತಿ ಸಂದಿಗೆ ಇಟ್ಟು ಸುರಿದೆ. ಅವಳು ಹೊರಗೆ ಸೆರಗು ಒಡ್ಡಿ ಹಿಡಿದುಕೊಂಡಳು. ಕಾಲು ಪಾಲು ಇರುವೆಗೆ ಹೋಯಿತು. ಅದನ್ನು ನೋಡಿ ಇನ್ನೊಬ್ಬ ತೊಗರಿಬೇಳೆಗೆ ಹಾಕಿದ. ಕೊಡಚಾದ್ರಿಯಿಂದ ಇಳಿದುಬಂದ ಒಂದು ಕಾರು ಗುಂಪು ನೋಡಿ ನಿಂತಿತು. ಚಡ್ಡಿಯ ಹುಡುಗರು ಇದೇನೋ ಈ ಕಡೆಯ ಹಳೆಯ ಪದ್ಧತಿ ಇರಬೇಕೆಂದು ವಿಡಿಯೋ ಮಾಡಿಕೊಂಡರು. ಅವರಿಗೂ ಬೇಳೆ ಬೇಕಾಯಿತು.

ಮಂಜಾಚಾರಿ ಉಳಿ ತರಲು ಹೋದವನು ಬರಿಗೈಯಲ್ಲಿ ಬಂದ. ಅಷ್ಟು ಬಡಿದು ಕೂರಿಸಿದ ಹಲಗೆಗೆ ಉಳಿ ಸಾಲದು, ಹಾರೆಯೇ ಬೇಕು ಎಂದ. ಹಾರೆ ಇರುವುದು ಶೆಣೈರ ಅಂಗಡಿಯಲ್ಲಿ.

ಶೆಣೈರು ಕೈ ಕಟ್ಟಿ ನಿಂತರು. "ಭಾನುವಾರ ನಾನು ಅಂಗಡಿ ತೆಗಿಯೋ ಹಾಗಿಲ್ಲ ಚಂದ್ರಕ್ಕ. ಮಾತು ಕೊಟ್ಟಿದ್ದೇನೆ."

"ನಲವತ್ತು ಗ್ರಾಂ ಮಾತು. ಸುಮ್ನೆ ತೆಗೀರಿ."

"ನಲವತ್ತಾದ್ರೂ ಮಾತೇ. ಒಪ್ಪಂದ ಮುರ್ದೋಳು ನಾನು ಅಂತ ನೀವೇ ಹೇಳ್ಬೇಕು. ಆಗ ತೆಗಿತೇನೆ."

ನಾನು ಒಂದು ಕಾಲಿನ ಮೇಲೆ ನಿಂತಿದ್ದೆ. ಒಂದು ಕಡೆ ಇನ್ನು ಬದುಕಿರುವಷ್ಟು ದಿನದ ಭಾನುವಾರಗಳು, ಎಣ್ಣೆಸ್ನಾನ, ಮಧ್ಯಾಹ್ನದ ನಿದ್ದೆ, ಆ ಸದ್ದಿಲ್ಲದ ಬೀದಿ. ಇನ್ನೊಂದು ಕಡೆ ಎರಡು ಲೋಟ ಕಾಫಿ. ಗೋಡೆಯ ಮೇಲಿನ ಯಜಮಾನರ ಮುಖ ನೋಡಿದೆ. ಅವರೇನೂ ಸಹಾಯ ಮಾಡಲಿಲ್ಲ. ಬದುಕಿದ್ದಾಗಲೂ ಇಂಥ ಹೊತ್ತಿಗೆ ಮಾಡಿದವರಲ್ಲ.

"ಮುರ್ದೋಳು ನಾನು" ಎಂದೆ.

"ಹಿಂದಿನೋರಿಗೆ ಕೇಳಿಸ್ಲಿಲ್ಲ."

"ನಾನೇ ಮುರ್ದಿದ್ದು. ನಿಮ್ಮ ಭಾನುವಾರ ನೀವೇ ಇಟ್ಕೊಳ್ಳಿ. ಹಾರೆ ತನ್ನಿ."

ಶೆಣೈರ ಶಟರ್ ಮೇಲಕ್ಕೆ ಹೋದ ಸದ್ದು ಕೇಳಿಸಿತು. ಅದರ ಹಿಂದೆಯೇ ಬೀದಿಯುದ್ದಕ್ಕೂ ಶಟರ್‌ಗಳು ಒಂದಾದ ಮೇಲೊಂದು ಎದ್ದವು. ಮೊಬೈಲ್ ಅಂಗಡಿಯ ಹಾಡು ಶುರುವಾಯಿತು. ಮಂಜಾಚಾರಿ ಹಾರೆ ಮೀಟಿದ. ಒಂದನೇ ನಂಬರಿನ ಹಲಗೆ ನಡುವೆ ಸೀಳಿ ಹೊರಗೆ ಬಂತು. ಅದರ ಹಿಂದೆ ನಾನು ಬಂದೆ.

ಯಾರ ಮುಖವನ್ನೂ ನೋಡಲಿಲ್ಲ. ತಲೆ ತಗ್ಗಿಸಿ, ಸೆರಗು ಬಿಗಿದು, ನೆಟ್ಟಗೆ ಓಣಿಯ ಕಡೆ ನಡೆದೆ. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಪಾಪ, ಮುದುಕಿಗೆ ಎಷ್ಟು ಅವಮಾನ ಆಗಿದೆ ನೋಡಿ ಎಂದು ಯಾರೋ ಅಂದರಂತೆ. ಅವಮಾನಕ್ಕೆಲ್ಲ ನನಗೆ ಆಗ ಪುರುಸೊತ್ತಿರಲಿಲ್ಲ.

ಸಂಜೆ ಸುಮತಿ ಬಸ್ ಇಳಿದು ಬಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಸಂದಿಯಲ್ಲಿ ಬಂದ ದುಡ್ಡೆಲ್ಲ ತೀರ್ಥಹಳ್ಳಿಯಲ್ಲಿ ಕೂತ ಅವಳ ಮೊಬೈಲಿಗೆ ಟಿಣ್ ಟಿಣ್ ಎಂದು ಹೋಗಿತ್ತು. ಅತ್ತೆ ಮಗ ಸೊಸೆಯನ್ನು ಊರಿಗೆ ಕಳಿಸಿ, ಬೀದಿಯನ್ನೆಲ್ಲ ಮುಚ್ಚಿಸಿ, ತಾನೊಬ್ಬಳೇ ವ್ಯಾಪಾರ ಮಾಡುವ ಉಪಾಯ ಹೂಡಿದ್ದು ಎಂದು ಅವಳ ತವರಿನವರೆಲ್ಲ ನನ್ನ ತಲೆ ಹೊಗಳಿದರಂತೆ.

"ಹೌದಾ ಅತ್ತೆ?" ಎಂದಳು.

ಹೌದು ಎಂದೆ. ನಿಜಕ್ಕಿಂತ ಅದೇ ಮರ್ಯಾದೆಯದಾಗಿತ್ತು.

ಈಗ ಎಲ್ಲ ಭಾನುವಾರವೂ ಪೇಟೆ ತೆರೆದೇ ಇರುತ್ತದೆ. ಸೀಳಿದ ಹಲಗೆಗೆ ಮಂಜಾಚಾರಿ ಕಾಲು ಹಚ್ಚಿ ಬೆಂಚು ಮಾಡಿಕೊಟ್ಟ. ಅಂಗಡಿಯ ಮುಂದೆ ಇದೆ. ಮಧ್ಯಾಹ್ನ ಸ್ವಲ್ಪ ಒರಗೋಣ ಎಂದು ನಾನು ಹೋಗುವಷ್ಟರಲ್ಲಿ ಕೋಳಿ ಅಂಗಡಿಯ ಕಪ್ಪು ನಾಯಿ ಅದರ ಮೇಲೆ ಕಾಲು ಚಾಚಿ ಮಲಗಿರುತ್ತದೆ. ಹಚಾ ಎಂದರೂ ಏಳುವುದಿಲ್ಲ. ನಮ್ಮ ಪೇಟೆಯಲ್ಲಿ ಈಗ ಭಾನುವಾರ ಪಾಲಿಸುವುದು ಅದೊಂದೇ. ಅದು ಯಾವ ತಕ್ಕಡಿಯನ್ನೂ ಮುಟ್ಟಿರಲಿಲ್ಲ.